ಸಡಿಲ ಕೀಲು, ಎಣ್ಣೆಯ ಕೈ



ಹೆಬ್ಬೆರಳನ್ನು ಬಾಗಿಸಿ ಮುಂಗೈಗೆ ತಾಗಿಸಿ ತೋರಿಸುವ ಹುಡುಗಿಯೊಬ್ಬಳು ಬಹುಶಃ ಎಲ್ಲ ಊರುಗಳಲ್ಲಿಯೂ ಇರುತ್ತಾಳೆ. ನೋಡಿದವರು ಮೈಯೆಂದರೆ ಬಳ್ಳಿ ಎಂದು ಹೊಗಳುತ್ತಾರೆ. ನಮ್ಮ ಕವಿಗಳಿಗಂತೂ ಹೆಣ್ಣನ್ನು ಲತೆಗೆ ಹೋಲಿಸಿ ದಣಿವೇ ಇಲ್ಲ. ಆದರೆ ಇರುಳಿನಲ್ಲಿ ಆಕೆಯ ಮೊಣಕಾಲು ಸಿಡಿಯುವುದು ಹೊಗಳಿದವರಿಗೆ ತಿಳಿಯದು.

ಎಲುಬನ್ನು ಎಲುಬಿಗೆ ಬಿಗಿಯುವ ಕಟ್ಟುಗಳಲ್ಲಿ ಕೊಲಾಜನ್ ಎಂಬ ನೂಲಿದೆ. ಕೆಲವರಲ್ಲಿ ಈ ಕಟ್ಟುಗಳು ಹುಟ್ಟಿನಿಂದಲೇ ಸಡಿಲ. ಅನೇಕ ವೇಳೆ ಇದು ವಂಶದಲ್ಲಿ ಹರಿದು ಬಂದದ್ದು. ಇದನ್ನು ಅಳೆಯಲು ಬೈಟನ್ ಎಂಬ ವೈದ್ಯರ ಹೆಸರಿನ 9 ಅಂಕಗಳ ಪರೀಕ್ಷೆಯಿದೆ: ಎರಡು ಕಿರುಬೆರಳು, ಎರಡು ಹೆಬ್ಬೆರಳು, ಎರಡು ಮೊಣಕೈ, ಎರಡು ಮೊಣಕಾಲುಗಳಿಗೆ ಒಂದೊಂದು, ಮೊಣಕಾಲು ಮಡಿಸದೆ ಅಂಗೈಗಳನ್ನು ನೆಲಕ್ಕೆ ಊರಿದರೆ ಇನ್ನೊಂದು. ಹಲವರಿಗೆ ಇದರಿಂದ ಬಾಧೆಯೇ ಇಲ್ಲ. ನರ್ತಕರಿಗೆ, ಮಲ್ಲಗಂಬ ಏರುವವರಿಗೆ ಅನುಕೂಲವೂ ಉಂಟು. ಉಳಿದವರ ಪಾಲಿಗೆ ಉಳುಕು, ನೋವು, ಅಕಾಲದ ದಣಿವು. ಕ್ಷ-ಕಿರಣದ ಚಿತ್ರದಲ್ಲಿ ಎಷ್ಟೋ ಸಲ ಎಲುಬು ಸರಿಯಾಗಿಯೇ ಕಾಣುವುದರಿಂದ ಮೈಗಳ್ಳಿ ಎಂಬ ಬಿರುದು ಬೇರೆ. ನಮ್ಮ ಚಂದಾಪುರ, ಚಿಂಚೋಳಿಯ ಸುತ್ತ ತೊಗರಿಯ ಹೊಲದಲ್ಲಿ ದಿನವಿಡೀ ಬಾಗಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಆ ಮಾತು ನೋವಿಗಿಂತ ಹೆಚ್ಚು ಚುಚ್ಚುತ್ತದೆ.

ಕನ್ನಡ ಮೇಷ್ಟರಿಗೆ ಈ ವೈದ್ಯವೇಕೆ ಎಂದೀರಿ. ನನ್ನ ಬೆರಳುಗಳೂ ಅದೇ ಕುಲದವು. ಸೀಮೆಸುಣ್ಣ ಹಿಡಿದು ಒಂದು ಪದ್ಯ ಬರೆಯುವಷ್ಟರಲ್ಲಿ ಹಿಂದಕ್ಕೆ ಬಾಗುತ್ತಿದ್ದವು. ಸಂಜೆ ನೋಯುತ್ತಿದ್ದುದು ಮಾತ್ರ ಮುಂಗೈ. ಕಾರಣ ಸರಳ: ಕಟ್ಟು ಸಡಿಲವಾದಾಗ ಕೀಲನ್ನು ಕಾಯುವ ಹೊರೆ ಸುತ್ತಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ಅವು ಬಿಗಿದೇ ಇರುತ್ತವೆ, ಬಿಗಿದು ಬಿಗಿದು ದಣಿಯುತ್ತವೆ.

ಮಾಲೀಸು ನೆರವಾಗುವುದು ಈ ದಣಿದ ಸ್ನಾಯುವಿಗೆ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗಕ್ಕೆ ಸ್ಥಾನ ಕೊಟ್ಟಿದ್ದಾನೆ. ಉಗುರುಬೆಚ್ಚಗಿನ ಎಳ್ಳೆಣ್ಣೆ, ಅವಸರವಿಲ್ಲದ ಹಗುರ ಕೈ, ಒತ್ತುವುದು ಕೀಲನ್ನಲ್ಲ, ಸ್ನಾಯುವನ್ನು. ಬಿಗಿತ ಇಳಿಯುತ್ತದೆ, ನಿದ್ದೆ ಬರುತ್ತದೆ. ಆದರೆ ಈ ನೆಮ್ಮದಿ ತಾತ್ಕಾಲಿಕ. ಯಾವ ಎಣ್ಣೆಯೂ ಸಡಿಲ ಕಟ್ಟನ್ನು ಬಿಗಿಗೊಳಿಸದು.

ತಾಲೀಮಿನ ಮನೆಯ ಮಾಲೀಸು ಬೇರೆ. ತೋಳನ್ನು ಜಗ್ಗಿ, ಕುತ್ತಿಗೆಯನ್ನು ತಿರುವಿ ಲಟಕ್ಕೆನಿಸುವುದು ಜಟ್ಟಿಗೆ ಹಿತವಾಗಿರಬಹುದು. ಸಡಿಲ ಕೀಲಿನವರಿಗೆ ಅಪಾಯ. ಈಗಾಗಲೇ ಜಾರುವ ಕೀಲನ್ನು ಇನ್ನಷ್ಟು ಎಳೆಯುವುದು ಯಾವ ಚಿಕಿತ್ಸೆ? ಕೆಲವರ ಚರ್ಮವೂ ಬೇಗ ಕಂದುವುದರಿಂದ ತಿಕ್ಕುವ ಮೊದಲೇ ವಿಷಯ ತಿಳಿಸಿರಬೇಕು.

ಮುಖ್ಯ ಮದ್ದು ಸ್ನಾಯುವಿನ ಬಲ. ಭೌತಚಿಕಿತ್ಸಕರು ಕಲಿಸಿದಂತೆ, ಕೀಲನ್ನು ಕೊನೆಯವರೆಗೆ ಚಾಚದೆ, ದಿನವೂ ಸ್ವಲ್ಪ ಸ್ವಲ್ಪ ವ್ಯಾಯಾಮ. ಬಲ ಬರಲು ತಿಂಗಳುಗಳೇ ಬೇಕು. ಆ ತಿಂಗಳುಗಳಲ್ಲಿ ಸಂಜೆಯ ಎಣ್ಣೆಯ ಕೈ ಮರುದಿನದ ವ್ಯಾಯಾಮಕ್ಕೆ ಮೈಯನ್ನು ಅಣಿಗೊಳಿಸುತ್ತದೆ.