ಪೆಟ್ಟಿಗೆಯ ಗುಳಿಗೆ, ತೊಟ್ಟಿಲ ಕೂಸು



ಬಟ್ಟೆಗೆ ನುಸಿ ಹಿಡಿಯದಿರಲೆಂದು ಪೆಟ್ಟಿಗೆಯಲ್ಲಿಡುವ ಬಿಳಿ ಗುಳಿಗೆಯ ವಿಷಯವಾಗಿ ಎರಡು ಮಾತು. ಇದು ಸಾಮಾನ್ಯವಾಗಿ ಕಲ್ಲಿದ್ದಲಿನ ಟಾರಿನಿಂದ ತೆಗೆಯುವ ನ್ಯಾಫ್ತಲೀನ್. ಗುಳಿಗೆ ದಿನೇ ದಿನೇ ಸವೆಯುವುದನ್ನು ತಾವು ಕಂಡಿದ್ದೀರಿ. ಅದು ಆವಿಯಾಗಿ ಬಟ್ಟೆಯನ್ನೂ ನಮ್ಮ ಉಸಿರನ್ನೂ ಸೇರುತ್ತದೆ. ಆ ವಾಸನೆಯೇ ಆ ವಸ್ತು.

ಇದು ಮೈಗೆ ಸೇರಿದರೆ ರಕ್ತದ ಕೆಂಪು ಕಣಗಳು ಒಡೆಯಬಹುದು. ಆ ಕಣಗಳನ್ನು ಕಾಯುವ ಒಂದು ಕಿಣ್ವ ಕೆಲವು ಕೂಸುಗಳಲ್ಲಿ ಹುಟ್ಟಿನಿಂದಲೇ ಕಡಿಮೆ. ಅವಕ್ಕೆ ಅಪಾಯ ಹೆಚ್ಚು. ಕೂಸನ್ನು ನೋಡಿದರೆ ಅದು ತಿಳಿಯದು. ಎಣ್ಣೆ ಹಚ್ಚಿದ ಮೈ ಇದನ್ನು ಇನ್ನೂ ಬೇಗ ಹೀರುತ್ತದೆ.

ಆದುದರಿಂದ:

1. ಕೂಸಿನ ಬಟ್ಟೆ, ಕುಲಾವಿ, ಕಂಬಳಿಗಳ ನಡುವೆ ಗುಳಿಗೆ ಇಡಬೇಡಿ. ಒಣ ಬೇವಿನೆಲೆ ಇಟ್ಟು, ಆಗಾಗ್ಗೆ ಬಿಸಿಲಿಗೆ ಹಾಕಿರಿ.

2. ಗುಳಿಗೆಯಿಟ್ಟಿದ್ದ ಬಟ್ಟೆಯನ್ನು ಒಗೆದು, ವಾಸನೆ ಪೂರಾ ಹೋದ ಮೇಲೆಯೇ ಹೊದಿಸಿರಿ.

3. ಕಾಳಿನ ವಾಡೆಗೆ ಗುಳಿಗೆ ಹಾಕಲೇಬೇಡಿ.

4. ಮಗು ಪೆಪ್ಪರಮೆಂಟೆಂದು ನುಂಗಿದರೆ ವಾಂತಿ ಮಾಡಿಸಬೇಡಿ, ಹಾಲು ಕುಡಿಸಬೇಡಿ. ಕೂಡಲೇ 108ಕ್ಕೆ ಕರೆಮಾಡಿರಿ.

ಕೂಸಿನ ಮೈ ಹಳದಿಯಾದರೆ, ಮೂತ್ರ ಕಪ್ಪಾದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಿರಿ. ಗುಳಿಗೆಯ ವಿಷಯವನ್ನು ವೈದ್ಯರಿಗೆ ತಿಳಿಸಿರಿ. ನುಸಿ ತಿಂದ ಕಂಬಳಿಯನ್ನು ಮತ್ತೆ ನೇಯಿಸಬಹುದು.