ಕೆಂಪು ಆರಿದ್ರ

ಈ ವಾರ ಬೆಳಗಿನ ಜಾವ ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹಿರಿಯರೊಬ್ಬರಿಗೆ ನೆತ್ತಿಯ ಮೇಲಿನ ಕೆಂಪು ಚುಕ್ಕಿ ತೋರಿಸಿ, "ಅದೇ ಆರಿದ್ರ" ಅಂದೆ. ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರು. "ಆ ಮಳೆ ಹೋಗಿ ನಾಕು ತಿಂಗಳಾಯ್ತಲ್ಲ ಸ್ವಾಮಿ, ಅದಿನ್ನೂ ಇಲ್ಲೇ ಐತಾ?"

ಕೇಳಿದ್ದು ನ್ಯಾಯವೇ. ಜೂನ್ ಕೊನೆಗೆ ಆರಿದ್ರ ಮಳೆ ಅನ್ನುವಾಗ ಸೂರ್ಯ ಆ ನಕ್ಷತ್ರದ ಕಡೆಗೇ ಇರುತ್ತಾನೆ. ಅವನ ಜೊತೆ ಹುಟ್ಟಿ ಅವನ ಜೊತೆ ಮುಳುಗುವ ಆರಿದ್ರ, ಮೋಡ ಇರಲಿ ಬಿಡಲಿ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದರ ಬಣ್ಣ ನೋಡಬೇಕೆಂದರೆ ಅಕ್ಟೋಬರ್‌ನ ಈ ನಸುಕಿಗೆ ಎದ್ದರೆ ಸಾಕು.

ಏಳುವವರಿಗೆ ಈಗ ಹಬ್ಬ. ಆರಿದ್ರದ ಪಶ್ಚಿಮಕ್ಕೆ ಕಿತ್ತಳೆ ಬಣ್ಣದ ರೋಹಿಣಿ. ದಕ್ಷಿಣಕ್ಕೆ ಬೆಳ್ಳಗೆ ಹೊಳೆಯುವ ಲುಬ್ಧಕ. ಆರಿದ್ರ ಇರುವ ಮಹಾವ್ಯಾಧನ ಗುಂಪಿನಲ್ಲೇ, ಕೆಳಗೆ ಕಾಲಿನ ಜಾಗದಲ್ಲಿ, ನೀಲಿ ಬೆರೆತ ಬಿಳಿಯ ರೈಜೆಲ್. ಮಂಕು ಚುಕ್ಕಿಗಳಿಗೂ ಬಣ್ಣ ಉಂಟು, ಆದರೆ ಅಷ್ಟು ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಎಲ್ಲವೂ ಬಿಳಿಯೇ.

ಬಣ್ಣಕ್ಕೆ ಕಾರಣ ಶಾಖ. ಕುಡುಗೋಲು ತಟ್ಟುವ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗಾಗುತ್ತದೆ, ತಿದಿ ಒತ್ತಿದಷ್ಟೂ ಹಳದಿಗೆ, ಬಿಳಿಗೆ ತಿರುಗುತ್ತದೆ. ನಕ್ಷತ್ರದ್ದೂ ಅದೇ ಲೆಕ್ಕ. ಆರಿದ್ರದ ಮೈ ಮೂರೂವರೆ ಸಾವಿರ ಡಿಗ್ರಿಯ ಆಸುಪಾಸು, ನಮ್ಮ ಸೂರ್ಯನದು ಐದೂವರೆ ಸಾವಿರ, ರೈಜೆಲ್‌ನದು ಹನ್ನೆರಡು ಸಾವಿರದ ಹತ್ತಿರ. ಬೆಂಕಿಯ ಹಾಗೆ ಕೆಂಪಗಿರುವುದೇ ಇವುಗಳಲ್ಲಿ ತಣ್ಣಗಿನದು! ನಲ್ಲಿಯ ಮೇಲೆ ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ ಗುರುತು ಹಾಕಿದವರು ಆಕಾಶ ನೋಡಿದವರಲ್ಲ.

ತಣ್ಣಗಿದ್ದೂ ಇಷ್ಟು ಹೊಳೆಯುವುದು ಹೇಗೆ? ಗಾತ್ರದಿಂದ. ಸೂರ್ಯನ ಜಾಗದಲ್ಲಿ ಆರಿದ್ರವನ್ನಿಟ್ಟರೆ ಭೂಮಿ ಅದರ ಹೊಟ್ಟೆಯೊಳಗೆ, ಮಂಗಳ ಗ್ರಹವೂ ಒಳಗೇ. ಅಷ್ಟು ದೊಡ್ಡದು ಒಮ್ಮೊಮ್ಮೆ ಮಂಕಾಗುವುದೂ ಉಂಟು. 2019ರ ಕೊನೆಗೆ, 2020ರ ಶುರುವಿಗೆ ಬರಿಗಣ್ಣಿಗೇ ಗೊತ್ತಾಗುವಷ್ಟು ಸೊರಗಿತ್ತು. ಸಿಡಿಯುತ್ತದೇನೋ ಎಂದು ಲೋಕವೆಲ್ಲ ಕಾದಿತ್ತು. ತಾನೇ ಉಗುಳಿದ ಧೂಳು ಅಡ್ಡ ಬಂದಿದ್ದಷ್ಟೇ ಅಂತ ಆಮೇಲೆ ಹೇಳಿದರು.

ಕೆಂಪಿನಾಚೆಗೂ ಬೆಳಕಿದೆ, ಕಣ್ಣಿಗೆ ಸಿಗದ್ದು. ಗೌರಿಬಿದನೂರಿನ ಹತ್ತಿರ ಬಯಲಿನಲ್ಲಿ ಸಾಲಾಗಿ ನೆಟ್ಟ ಆಂಟೆನಾ ಕಂಬಗಳು 1976ರಿಂದ ಹಿಡಿಯುತ್ತಿರುವುದು ಅದನ್ನೇ. ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ ಎರಡೂ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ. ಅಲ್ಲಿ ಹಿಡಿದ ಅಲೆಯ ಉದ್ದ ಒಂಬತ್ತು ಮೀಟರಿನ ಹತ್ತಿರ, ಎರಡಂತಸ್ತಿನ ಮನೆಗಿಂತ ಹೆಚ್ಚು. ನನ್ನ ಈ ಮಾತನ್ನು ನಿಮ್ಮ ಮನೆಗೆ ಮುಟ್ಟಿಸುತ್ತಿರುವುದೂ ಅದೇ ಕುಲದ ಬೆಳಕು.

ಈಗ ನಡೆಯುತ್ತಿರುವುದು ಚಿತ್ತಾ ಮಳೆ, ಹಿಂದೆಯೇ ಸ್ವಾತಿ. ಆ ಎರಡು ನಕ್ಷತ್ರಗಳು ಸದ್ಯ ನಸುಕಿನಲ್ಲಿ ಕಾಣಿಸುವುದಿಲ್ಲ. ನವೆಂಬರ್ ಕೊನೆಗೆ ಇದೇ ಹೊತ್ತಿಗೆ ಪೂರ್ವಕ್ಕೆ ನೋಡಿ. ಇಪ್ಪತ್ತು ಸಾವಿರ ಡಿಗ್ರಿ ದಾಟಿದ ಚಿತ್ತಾ ನೀಲಿ, ನಾಲ್ಕು ಸಾವಿರ ಚಿಲ್ಲರೆಯ ಸ್ವಾತಿ ಕಿತ್ತಳೆ. ಯಾವ ಮಳೆಯ ನಕ್ಷತ್ರ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ.