ಹಾಲು ಕೂಡಿತು, ಮನಸ್ಸು ಕೂಡಬೇಕು

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ಮಾಜಿ ಕಾರ್ಯದರ್ಶಿಗಳು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ವರದಿಯನ್ನು ಈಗತಾನೆ ಕೇಳಿದಿರಿ. ಲಾಭ, ಬೋನಸ್ಸು ಎಲ್ಲಾ ಸಂತೋಷದ ವಿಷಯವೇ. ಆದರೆ ಲೆಡ್ಜರಿಗೆ ಏರದ ಒಂದು ಬಾಕಿ ಉಂಟು. ಶುಭ ಸಮಾರಂಭದಲ್ಲಿ ಅದನ್ನು ಹೇಳಬೇಕಾ ಅಂತ ಯೋಚಿಸಿದೆವು. ಈಗ ಹೇಳದೆ ಇನ್ಯಾವಾಗ ಹೇಳೋದು?

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿದ ಏಳು ತತ್ವಗಳಲ್ಲಿ ಮೊದಲನೆಯದೇ, ಭೇದವಿಲ್ಲದ ಮುಕ್ತ ಸದಸ್ಯತ್ವ.

ಕಾಗದದ ಮೇಲೆ ನಾವೂ ಪಾಲಿಸಿದೆವು. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬಿತ್ತು. ಲ್ಯಾಕ್ಟೋಮೀಟರು ಜಾತಿ ಕೇಳಲಿಲ್ಲ. ನಮ್ಮ ಕೈ ಕೇಳಿತು. ಬಟವಾಡೆ ದಿನ ಕೆಲವರಿಗೆ ಹಣವನ್ನು ಕೈಗೆ ಕೊಟ್ಟೆವು. ದಲಿತ ಕೇರಿಯವರಿಗೆ ಮೇಜಿನ ಮೇಲಿಟ್ಟು ದೂಡಿದೆವು. ನಮ್ಮ ವಯಸ್ಸಿನವರನ್ನು ‘ಬನ್ನಿ ಗೌಡ್ರೆ’ ಅಂದ ಬಾಯಲ್ಲೇ ತಂದೆ ವಯಸ್ಸಿನವರನ್ನು ‘ಬಾರೋ’ ಅಂದೆವು. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ನೋಡಿ ನೋಡಿ ಕಲಿತದ್ದು.

ಮೀಸಲು ಸ್ಥಾನದಿಂದ ಆರಿಸಿಬಂದ ಹಿರಿಯ ನಿರ್ದೇಶಕರೊಬ್ಬರು ಕುರ್ಚಿ ಖಾಲಿ ಇದ್ದರೂ ಬಾಗಿಲ ಬಳಿ ನಿಂತೇ ಇರುತ್ತಿದ್ದರು. ‘ಎಂಥಾ ವಿನಯ ನೋಡಿ’ ಅಂತ ನಾವು ಹೊಗಳುತ್ತಿದ್ದೆವು. ಒಂದು ದಿನ ಡಿಗ್ರಿ ಓದುತ್ತಿದ್ದ ಅವರ ಮಗಳು ಕೇಳಿದಳು: ‘ಸಾರ್, ನಮ್ಮಪ್ಪನಿಗೆ ಮಂಡಿನೋವು. ವಿನಯಕ್ಕೆ ನಿಲ್ತಾರೋ, ಭಯಕ್ಕೋ?’ ನಮಗೆ ಉತ್ತರ ಬರಲಿಲ್ಲ. ನಮ್ಮೊಳಗೆ ಮೇಲು ಅನ್ನೋದು ಹೇಗೆ ಇಳಿದಿತ್ತೋ, ಹಾಗೇ ಅವರೊಳಗೆ ಕೀಳು ಅನ್ನೋದನ್ನು ನಾವೇ ಇಳಿಸಿದ್ದೆವು.

ಸಂವಿಧಾನದ 17ನೇ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಶಿಕ್ಷೆಯ ಕಾಯಿದೆಯೂ ಬಂತು. ಕಾಯಿದೆಗೆ ಹೆದರಿ ಬಾಯಿ ಮುಚ್ಚಬಹುದು. ರೂಢಿಯಾದ ಕೈ, ನಾಲಿಗೆಗಳನ್ನು ನಾವೇ ತಿದ್ದಬೇಕು.

ಮುಂದಿನ ಸಭೆಯಲ್ಲಿ ಕುರ್ಚಿ ಎಳೆದು ‘ಕೂತ್ಕೊಳ್ಳಿ’ ಅಂದೆವು. ಅವರು ಕೂರಲು ಮೂರು ಸಭೆ ಹಿಡಿಯಿತು. ಹಣವನ್ನು ಕೈಗೆ ಇಟ್ಟೆವು. ‘ಬನ್ನಿ’ ಅನ್ನಲು ನಾಲಿಗೆ ತಡವರಿಸಿತು. ಎಷ್ಟೋ ಸಲ ತಪ್ಪಿದೆವು, ತಪ್ಪಾಯ್ತು ಅಂದೆವು. ಇದನ್ನು ದೊಡ್ಡತನ ಅಂತ ಹೊಗಳಬೇಡಿ. ಇದು ಉಪಕಾರವಲ್ಲ, ಬಡ್ಡಿಯೂ ಸೇರದ ಅಸಲು ಬಾಕಿ.

ಇವತ್ತು ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ ಅಂತ ಅಧ್ಯಕ್ಷರು ಹೇಳಿದ್ದಾರೆ. ಒಳ್ಳೆಯದು. ಬಡಿಸುವವರು ಯಾರು, ಎಲೆ ಎತ್ತುವವರು ಯಾರು ಅನ್ನೋದನ್ನೂ ನೋಡೋಣ. ಎಲೆ ಎತ್ತೋಕೆ ನಾವಂತೂ ನಿಲ್ಲುತ್ತೇವೆ. ಜೊತೆಗೆ ಬರುವವರು ಬನ್ನಿ.